ಸರಕು ವಾಹನ ನಿರ್ವಹಣೆಯಲ್ಲಿ ಕೃತಕ ಬುದ್ಧಿಮತ್ತೆ: ಸಣ್ಣ ಉದ್ದಿಮೆದಾರರು ತಿಳಿಯಬೇಕಾದ ಲೆಕ್ಕ

ಬೆಂಗಳೂರಿನ ಸಿ.ವಿ. ರಾಮನ್ ನಗರಕ್ಕೂ ಕೃತಕ ಬುದ್ಧಿಮತ್ತೆಗೂ ಇರುವ ನಂಟು ಹೊಸದೇನಲ್ಲ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು 1986ರಲ್ಲಿ ಸ್ಥಾಪಿಸಿದ ಕೃತಕ ಬುದ್ಧಿಮತ್ತೆ ಮತ್ತು ರೊಬಾಟಿಕ್ಸ್ ಕೇಂದ್ರವು ಇಂದು ಇರುವುದು ಈ ಬಡಾವಣೆಯಲ್ಲಿಯೇ. 1985ರಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಕೇಂದ್ರವೂ ಇಲ್ಲಿಯ ಬಾಗ್ಮನೆ ಟೆಕ್ ಪಾರ್ಕಿನಲ್ಲಿದೆ. ವಾಹನದ ಕ್ಯಾಮೆರಾ ಕಂಡದ್ದನ್ನು ಕ್ಷಣಾರ್ಧದಲ್ಲಿ ವಿಶ್ಲೇಷಿಸುವ ಚಿಪ್‌ಗಳು ಆ ಸಂಸ್ಥೆಯ ಉತ್ಪನ್ನಗಳಲ್ಲಿ ಸೇರಿವೆ. ಆದರೆ ಇದೇ ಸುತ್ತಮುತ್ತಲಿನ ರಸ್ತೆಗಳಲ್ಲಿ, ಮಹದೇವಪುರ ಕೈಗಾರಿಕಾ ಪ್ರದೇಶದಿಂದಲೂ ವೈಟ್‌ಫೀಲ್ಡಿನ ಒಳನಾಡು ಕಂಟೈನರ್ ಡಿಪೋದಿಂದಲೂ ಸರಕು ಹೊತ್ತು ಸಾಗುವ ಎಷ್ಟೋ ವಾಹನಗಳ ಲೆಕ್ಕವು ಇಂದಿಗೂ ಚಾಲಕನ ಜೇಬಿನ ಡೀಸೆಲ್ ಚೀಟಿಗಳಲ್ಲಿಯೂ ಮಾಲೀಕನ ನೆನಪಿನಲ್ಲಿಯೂ ಉಳಿದಿದೆ.

ಸಾವಿರಾರು ಲಾರಿಗಳಿರುವ ದೊಡ್ಡ ಸಂಸ್ಥೆಗೆ ಪ್ರತ್ಯೇಕ ಗಣಕ ವಿಭಾಗವನ್ನೇ ಇಟ್ಟುಕೊಳ್ಳುವ ಶಕ್ತಿ ಇರುತ್ತದೆ. ಎರಡರಿಂದ ಹತ್ತು ವಾಹನಗಳನ್ನು ನಡೆಸುವ ಸಣ್ಣ ತಯಾರಕನಿಗೆ ಅಥವಾ ವರ್ತಕನಿಗೆ ಆ ಅನುಕೂಲವಿಲ್ಲ. ಅವನ ಮುಂದಿರುವ ಪ್ರಶ್ನೆ ನೇರವಾದುದು: ತಿಂಗಳು ತಿಂಗಳು ಹಣ ತೆತ್ತು ಈ ತಂತ್ರಜ್ಞಾನವನ್ನು ಪಡೆದರೆ ಆ ಹಣ ಮರಳಿ ಬರುವುದೇ? ಸ್ವಂತ ಲೆಕ್ಕವನ್ನು ಚೊಕ್ಕಟವಾಗಿ ಇಟ್ಟುಕೊಂಡಿರುವವನಿಗೆ, ಮತ್ತು ಬಂದ ಲಾಭದಲ್ಲಿ ಚಾಲಕನಿಗೂ ಪಾಲು ಕೊಡಲು ಸಿದ್ಧನಿರುವವನಿಗೆ ಮಾತ್ರ ಅದು ಮರಳಿ ಬರುತ್ತದೆ ಎಂಬುದನ್ನು ಮುಂದಿನ ವಿವರಣೆ ತೋರಿಸುತ್ತದೆ.

ಯಂತ್ರ ಮಾಡುವ ಕೆಲಸವೇನು?

ವಾಹನ ಎಲ್ಲಿದೆ ಎಂದು ತೋರಿಸುವ ಜಿ.ಪಿ.ಎಸ್. ಉಪಕರಣವನ್ನೇ ಕೃತಕ ಬುದ್ಧಿಮತ್ತೆ ಎಂದು ಮಾರುವ ರೂಢಿಯುಂಟು. ಇವೆರಡೂ ಬೇರೆ. ಜಿ.ಪಿ.ಎಸ್. ಕೇವಲ ಸ್ಥಳ ಮತ್ತು ವೇಗವನ್ನು ದಾಖಲಿಸುತ್ತದೆ. ಕೃತಕ ಬುದ್ಧಿಮತ್ತೆಯು ಅಂತಹ ಲಕ್ಷಾಂತರ ದಾಖಲೆಗಳನ್ನು ಹೋಲಿಸಿ, ಅವುಗಳಲ್ಲಿ ಮರುಕಳಿಸುವ ಮಾದರಿಯನ್ನು ಗುರುತಿಸಿ, ಮಾಮೂಲಿಗಿಂತ ಭಿನ್ನವಾದುದನ್ನು ಎತ್ತಿ ತೋರಿಸುತ್ತದೆ ಅಥವಾ ಮುಂದೆ ಸಂಭವಿಸಬಹುದಾದುದನ್ನು ಅಂದಾಜು ಮಾಡುತ್ತದೆ.

ಇಂಧನ ಟ್ಯಾಂಕಿನ ಮಟ್ಟವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ಲಾರಿಯು ಶಿರಾಡಿ ಘಾಟಿಯಲ್ಲಿ ಇಳಿಯುವಾಗ ಟ್ಯಾಂಕಿನ ಡೀಸೆಲ್ ಒಂದು ಬದಿಗೆ ವಾಲುತ್ತದೆ. ಮಾಪಕವು ಇಂಧನ ಕಡಿಮೆಯಾದಂತೆ ತೋರಿಸುತ್ತದೆ. ಸಾಧಾರಣ ಉಪಕರಣವಾದರೆ ಡೀಸೆಲ್ ಕಳುವಾಗಿದೆ ಎಂದು ಮಾಲೀಕನ ಫೋನಿಗೆ ಸಂದೇಶ ಕಳುಹಿಸುತ್ತದೆ. ಅಭ್ಯಾಸ ಪಡೆದ ವ್ಯವಸ್ಥೆಯು ರಸ್ತೆಯ ಇಳಿಜಾರು, ಎಂಜಿನ್ ಚಾಲನೆಯಲ್ಲಿತ್ತೇ ಇಲ್ಲವೇ, ಕೆಲವು ನಿಮಿಷಗಳ ಬಳಿಕ ಮಟ್ಟ ಮತ್ತೆ ಏರಿತೇ ಎಂಬುದನ್ನೆಲ್ಲ ಕೂಡಿಸಿ ನೋಡುತ್ತದೆ. ನಿಂತ ಲಾರಿಯಲ್ಲಿ ಮಟ್ಟ ಇಳಿದು, ಮರಳಿ ಏರದಿದ್ದರೆ ಮಾತ್ರ ಎಚ್ಚರಿಸುತ್ತದೆ. ನಿರಪರಾಧಿ ಚಾಲಕನ ಮೇಲೆ ಕಳವಿನ ಆರೋಪ ಬಾರದಂತೆ ಉಳಿಸುವುದೂ ಈ ವಿವೇಚನೆಯ ಒಂದು ಲಾಭವೇ ಆಗಿದೆ.

ಕೇವಲ ಐದು ಲಾರಿಗಳ ದಾಖಲೆಯಿಂದ ಯಂತ್ರ ಹೆಚ್ಚು ಕಲಿಯಲಾರದು. ಸೇವೆ ಒದಗಿಸುವ ಸಂಸ್ಥೆಯು ತನ್ನ ಎಲ್ಲ ಗ್ರಾಹಕರ ವಾಹನಗಳಿಂದ ಕಲಿತ ಪಾಠವನ್ನೇ ಸಣ್ಣ ಮಾಲೀಕನಿಗೂ ಒದಗಿಸುತ್ತದೆ. ಆದ್ದರಿಂದ ಆ ಸಂಸ್ಥೆಯು ಯಾವ ರಸ್ತೆಗಳಲ್ಲಿ, ಯಾವ ಬಗೆಯ ವಾಹನಗಳಿಂದ ಕಲಿತಿದೆ ಎಂಬುದು ಖರೀದಿದಾರನು ಕೇಳಲೇಬೇಕಾದ ಪ್ರಶ್ನೆ.

ಇಂಧನದ ಉಳಿತಾಯ

ಲಾರಿಯ ನಿತ್ಯದ ವೆಚ್ಚಗಳಲ್ಲಿ ಡೀಸೆಲಿನದೇ ದೊಡ್ಡ ಪಾಲು. ಅನಗತ್ಯ ವೇಗ, ಹಠಾತ್ ಬ್ರೇಕು, ತಪ್ಪು ಗೇರಿನ ಬಳಕೆ, ನಿಂತಲ್ಲಿ ಎಂಜಿನ್ ಓಡಿಸುವುದು, ಟೈರುಗಳಲ್ಲಿ ಗಾಳಿ ಕಡಿಮೆಯಿರುವುದು, ಇವು ಪೋಲಿನ ಮುಖ್ಯ ಕಾರಣಗಳು. ಇವುಗಳ ಪೈಕಿ ಯಾವುದು ಎಷ್ಟು ಪಾಲು ತಿನ್ನುತ್ತಿದೆ ಎಂಬುದನ್ನು ವ್ಯವಸ್ಥೆಯು ವಾಹನವಾರು ಬಿಡಿಸಿ ತೋರಿಸಬಲ್ಲದು.

ಲೆಕ್ಕಕ್ಕಾಗಿ ಒಂದು ಲಾರಿಯು ತಿಂಗಳಿಗೆ 6,000 ಕಿ.ಮೀ. ಓಡುತ್ತದೆ, ಲೀಟರಿಗೆ 5 ಕಿ.ಮೀ. ಕೊಡುತ್ತದೆ, ಡೀಸೆಲ್ ದರ ರೂ. 90 ಎಂದು ಇಟ್ಟುಕೊಳ್ಳೋಣ. ತಿಂಗಳಿಗೆ 1,200 ಲೀಟರ್, ಅಂದರೆ ರೂ. 1,08,000 ಬೇಕಾಗುತ್ತದೆ. ಚಾಲನೆ ಸುಧಾರಿಸಿ ಲೀಟರಿಗೆ 5.25 ಕಿ.ಮೀ. ದೊರೆತರೆ ಸುಮಾರು 57 ಲೀಟರ್, ಅಂದರೆ ರೂ. 5,100ಕ್ಕೂ ಮಿಕ್ಕಿ ಉಳಿಯುತ್ತದೆ. ಸೇವೆಯ ಮಾಸಿಕ ಶುಲ್ಕ ರೂ. 1,200 ಎಂದುಕೊಂಡರೂ ಕೈಯಲ್ಲಿ ರೂ. 3,900 ನಿಲ್ಲುತ್ತದೆ. ಅದರಲ್ಲಿ ಮೂರನೆಯ ಒಂದು ಪಾಲು ಚಾಲಕನಿಗೆ ಸಂದರೂ ಮಾಲೀಕನಿಗೆ ಒಂದು ಲಾರಿಯಿಂದ ರೂ. 2,600 ಲಾಭ.

ಇದೇ ಲೆಕ್ಕವನ್ನು ನಗರದೊಳಗೆ ಓಡುವ ಚಿಕ್ಕ ಸರಕು ವಾಹನಕ್ಕೆ ಹಾಕಿದರೆ ಚಿತ್ರ ಬದಲಾಗುತ್ತದೆ. ತಿಂಗಳಿಗೆ 1,500 ಕಿ.ಮೀ. ಓಟ, ಲೀಟರಿಗೆ 15 ಕಿ.ಮೀ. ಎಂದಾದರೆ ಬೇಕಾಗುವುದು 100 ಲೀಟರ್. ಅದೇ ಪ್ರಮಾಣದ ಸುಧಾರಣೆಯಾದರೂ ಉಳಿಯುವುದು ಐದು ಲೀಟರಿಗೂ ಕಡಿಮೆ, ಸುಮಾರು ರೂ. 430. ಇಂಧನದ ಉಳಿತಾಯವೊಂದರಿಂದಲೇ ಇಲ್ಲಿ ಶುಲ್ಕದ ಹಣ ಹುಟ್ಟುವುದಿಲ್ಲ. ಅಂತಹ ವಾಹನಕ್ಕೆ ಲಾಭ ಬರುವುದಿದ್ದರೆ ದಿನಕ್ಕೆ ಒಂದು ಸರದಿ ಹೆಚ್ಚು ಮಾಡುವುದರಿಂದ ಬರಬೇಕು. ಮಾರಾಟಗಾರನು ತೋರಿಸುವ ಶೇಕಡಾವಾರು ಅಂಕಿಯನ್ನು ನಂಬುವ ಮೊದಲು ತನ್ನ ವಾಹನದ ಓಟಕ್ಕೆ ಅದನ್ನು ಅನ್ವಯಿಸಿ ರೂಪಾಯಿಯಲ್ಲಿ ಲೆಕ್ಕ ಹಾಕುವುದು ಅತ್ಯವಶ್ಯಕ.

ರಿಪೇರಿಯ ಮುನ್ಸೂಚನೆ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ವಾಹನಗಳಿಗೆ ಬಿ.ಎಸ್. 6 ಮಾನದಂಡ ಜಾರಿಗೆ ಬಂದಿತು. ಅಂದಿನಿಂದ ಎಂಜಿನ್ನಿನ ಸಂವೇದಕಗಳ ಸಂಖ್ಯೆ ಹೆಚ್ಚಿತು. ಅವುಗಳೊಂದಿಗೆ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಕೂಡ ಬಂದಿತು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ವಾಹನದಲ್ಲಿ ಹೊಗೆ ಸಾಕಷ್ಟು ಬಿಸಿಯಾಗಿ ಈ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ತೂಗುಸೇತುವೆಯ ದಟ್ಟಣೆಯಲ್ಲಿ ನಿಂತು ನಿಂತು ಸಾಗುವ ವಾಹನದಲ್ಲಿ ಆ ಬಿಸಿ ಏರುವುದಿಲ್ಲ; ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಂಜಿನ್ನಿನ ಎಳೆತ ಕುಗ್ಗುತ್ತದೆ, ಕೊನೆಗೆ ವಾಹನ ಗ್ಯಾರೇಜು ಸೇರುತ್ತದೆ. ಮಸಿ ಸೇರುವ ವೇಗವನ್ನು ಗಮನಿಸುತ್ತಿರುವ ವ್ಯವಸ್ಥೆಯು ಈ ವಾಹನವನ್ನು ಒಮ್ಮೆ ಹೆದ್ದಾರಿಯ ಸರದಿಗೆ ಕಳುಹಿಸುವಂತೆ ಮೊದಲೇ ಸೂಚಿಸಿದರೆ ದುಬಾರಿ ರಿಪೇರಿ ತಪ್ಪುತ್ತದೆ.

ಎಂಜಿನ್ ಚಾಲೂ ಮಾಡುವ ಕ್ಷಣದಲ್ಲಿ ಬ್ಯಾಟರಿಯ ವೋಲ್ಟೇಜು ದಿನೇದಿನೇ ಕುಸಿಯುವುದು, ಒಂದೇ ಹೊರೆಗೆ ತಂಪುನೀರಿನ ಉಷ್ಣತೆ ಏರುತ್ತ ಬರುವುದು ಮೊದಲಾದ ಲಕ್ಷಣಗಳೂ ಹೀಗೆಯೇ. ಅನುಭವಿ ಮೆಕ್ಯಾನಿಕ್ ಕಿವಿಯಿಂದ ಗ್ರಹಿಸುತ್ತಿದ್ದುದನ್ನು ಯಂತ್ರವು ಅಂಕಿಗಳಿಂದ ಗ್ರಹಿಸುತ್ತದೆ. ದೋಷವನ್ನು ಸರಿಪಡಿಸುವ ಕೈ ಮಾತ್ರ ಮೆಕ್ಯಾನಿಕನದೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಟಾಟಾ ಮೋಟಾರ್ಸ್ ಸಂಸ್ಥೆಯ ಫ್ಲೀಟ್ ಎಡ್ಜ್, ಅಶೋಕ್ ಲೇಲ್ಯಾಂಡ್ ಸಂಸ್ಥೆಯ ಐ-ಅಲರ್ಟ್ ಮುಂತಾದ ವ್ಯವಸ್ಥೆಗಳನ್ನು ತಯಾರಕರೇ ತಮ್ಮ ಅನೇಕ ಹೊಸ ವಾಹನಗಳೊಂದಿಗೆ ಒದಗಿಸುತ್ತಿದ್ದಾರೆ. ಹೊಸ ಉಪಕರಣಕ್ಕೆ ಹಣ ತೆರುವ ಮೊದಲು, ಈಗಾಗಲೇ ವಾಹನದಲ್ಲಿರುವುದನ್ನು ಬಳಸಲಾಗುತ್ತಿದೆಯೇ ಎಂದು ಮಾಲೀಕರು ಪರಿಶೀಲಿಸಬೇಕು. ಹಳೆಯ ಲಾರಿಗಳಲ್ಲಿ ಸಂವೇದಕಗಳು ಕಡಿಮೆಯಾದ್ದರಿಂದ ಅವುಗಳ ವಿಷಯದಲ್ಲಿ ಮುನ್ಸೂಚನೆಯ ಭರವಸೆಯನ್ನು ಅಷ್ಟೇ ಮಿತವಾಗಿ ಸ್ವೀಕರಿಸಬೇಕು.

ಮಾರ್ಗ, ಸಮಯ ಮತ್ತು ಇ-ವೇ ಬಿಲ್

ಹತ್ತು ಅಂಗಡಿಗಳಿಗೆ ಸರಕು ತಲುಪಿಸುವ ವಾಹನವು ಅವುಗಳನ್ನು 36,28,800 ಬೇರೆ ಬೇರೆ ಅನುಕ್ರಮಗಳಲ್ಲಿ ಸುತ್ತಬಹುದು. ಅಮೆರಿಕದ ಯು.ಪಿ.ಎಸ್. ಸಂಸ್ಥೆಯ ಒಬ್ಬ ಚಾಲಕ ದಿನಕ್ಕೆ ನೂರಕ್ಕೂ ಹೆಚ್ಚು ವಿಳಾಸಗಳಿಗೆ ಹೋಗುತ್ತಾನೆ. ಆ ಸಂಸ್ಥೆ ರೂಪಿಸಿದ ಓರಿಯನ್ ಎಂಬ ಮಾರ್ಗ ನಿರ್ಣಯ ವ್ಯವಸ್ಥೆಗೆ 2016ರಲ್ಲಿ ಫ್ರಾಂಜ್ ಎಡೆಲ್‌ಮನ್ ಪ್ರಶಸ್ತಿ ಸಂದಿತು. ಇದರಿಂದ ವರ್ಷಕ್ಕೆ ಸುಮಾರು 10 ಕೋಟಿ ಮೈಲಿಗಳ ಓಟ ತಪ್ಪುತ್ತದೆಂದು ಸಂಸ್ಥೆ ಹೇಳಿದೆ. ಬೆಂಗಳೂರಿನಲ್ಲಿ 2015ರಲ್ಲಿ ಆರಂಭವಾದ ಲೋಕಸ್ ಸಂಸ್ಥೆಯು ಇದೇ ಬಗೆಯ ಸೇವೆಯನ್ನು ಒದಗಿಸುತ್ತ ಬಂದಿದೆ.

ನಮ್ಮ ನಗರದಲ್ಲಿ ಅತಿ ಹತ್ತಿರದ ದಾರಿಯೇ ಅತಿ ಬೇಗನೆಯ ದಾರಿಯಲ್ಲ. ಭಾರಿ ವಾಹನಗಳಿಗೆ ದಟ್ಟಣೆಯ ವೇಳೆಯಲ್ಲಿ ನಿರ್ಬಂಧಗಳಿವೆ. ಕಗ್ಗದಾಸಪುರದ ರೈಲ್ವೆ ಗೇಟು ಮುಚ್ಚಿತೆಂದರೆ ಎರಡು ಕಿ.ಮೀ. ದಾರಿ ಹತ್ತು ಕಿ.ಮೀ. ದಾರಿಗಿಂತ ನಿಧಾನವಾಗಬಹುದು. ಕಳೆದ ವಾರಗಳ ಓಟವನ್ನು ಕಲಿತ ವ್ಯವಸ್ಥೆಯು ಯಾವ ಗಂಟೆಗೆ ಯಾವ ರಸ್ತೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಂದಾಜಿಸಬಲ್ಲದು. ಆದರೆ ಹಬ್ಬದ ದಿನದ ಮೆರವಣಿಗೆ, ಗಿರಾಕಿಯ ಗೋದಾಮಿನಲ್ಲಿ ಊಟದ ವೇಳೆ ಸರಕು ಇಳಿಸಿಕೊಳ್ಳುವುದಿಲ್ಲವೆಂಬ ಪದ್ಧತಿ, ಇವುಗಳನ್ನು ಚಾಲಕನೇ ಹೇಳಬೇಕು. ಚಾಲಕನು ಹೇಳಿದ್ದನ್ನು ದಾಖಲಿಸಿಕೊಳ್ಳುವ ಅವಕಾಶವಿರುವ ವ್ಯವಸ್ಥೆಯನ್ನೇ ಆರಿಸುವುದು ಲೇಸು.

ವರ್ತಕರಿಗೆ ಇನ್ನೂ ಹತ್ತಿರದ ಲಾಭವು ಇ-ವೇ ಬಿಲ್ಲಿಗೆ ಸಂಬಂಧಿಸಿದೆ. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಇದನ್ನು ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕ. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಅಥವಾ ಅದರ ಭಾಗಕ್ಕೆ ಒಂದು ದಿನದಂತೆ ಬಿಲ್ಲಿನ ಅವಧಿ ನಿಗದಿಯಾಗಿದೆ. ಚೆನ್ನೈಗೆ ಹೊರಟ ಸುಮಾರು 350 ಕಿ.ಮೀ. ದೂರದ ಸರಕಿಗೆ ದೊರೆಯುವುದು ಎರಡು ದಿನ. ನಡುದಾರಿಯಲ್ಲಿ ಲಾರಿ ಕೆಟ್ಟು ನಿಂತು ಅವಧಿ ಮೀರಿದರೆ, ತೆರಿಗೆಗೆ ಒಳಪಡುವ ಸರಕಿನ ಮಾಲೀಕರು ಮುಂದೆ ಬಂದಾಗಲೂ ತೆರಿಗೆಯ ಶೇ. 200ರಷ್ಟು ದಂಡಕ್ಕೆ 2022ರಿಂದ ಜಾರಿಯಲ್ಲಿರುವ ನಿಯಮದಲ್ಲಿ ಅವಕಾಶವಿದೆ. ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯವರೆಗೆ ಬಿಲ್ಲನ್ನು ವಿಸ್ತರಿಸಬಹುದು. ಲಾರಿಯ ಈಗಿನ ವೇಗದಲ್ಲಿ ಸರಕು ಸಮಯಕ್ಕೆ ತಲುಪದೆಂದು ವ್ಯವಸ್ಥೆಯು ಮುಂಚಿತವಾಗಿ ಗುಮಾಸ್ತರನ್ನು ಎಚ್ಚರಿಸಿದರೆ ಈ ಅವಕಾಶ ಕೈತಪ್ಪುವುದಿಲ್ಲ. ಅಂತಹ ಒಂದೇ ಎಚ್ಚರಿಕೆಯು ವರ್ಷದ ಶುಲ್ಕವನ್ನು ಉಳಿಸಿಕೊಡಬಲ್ಲದು.

ಸ್ವಂತ ವಾಹನವಿಲ್ಲದೆ ಬಾಡಿಗೆ ಲಾರಿಯಲ್ಲಿ ಸರಕು ಕಳುಹಿಸುವವರಿಗೂ ಇದರ ಒಂದಂಶ ಲಭ್ಯ. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯೊಂದಿಗೆ ಪ್ರಕಟವಾದ ಯುಲಿಪ್ ಎಂಬ ಸರ್ಕಾರಿ ವೇದಿಕೆಯ ಮೂಲಕ ಫಾಸ್ಟ್ಯಾಗ್ ದಾಖಲೆಗಳನ್ನು ಸೇವಾ ಸಂಸ್ಥೆಗಳು ಪಡೆಯಬಹುದಾಗಿದೆ. ವಾಹನದ ಸಂಖ್ಯೆಯಿಂದ ಅದು ಕೊನೆಯದಾಗಿ ಯಾವ ಟೋಲ್ ದಾಟಿತೆಂದು ತಿಳಿದರೆ, ತಲುಪುವ ವೇಳೆಯ ಅಂದಾಜಿಗೆ ಅಷ್ಟೇ ಆಧಾರ ಸಾಕಾಗುವ ಸಂದರ್ಭಗಳು ಹಲವು.

ಚಾಲಕನ ಸುರಕ್ಷತೆ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಸಣ್ಣ ಉದ್ದಿಮೆದಾರನ ಒಂದು ಲಾರಿ ದೊಡ್ಡ ಅಪಘಾತಕ್ಕೆ ಸಿಕ್ಕರೆ ಒಂದು ಕುಟುಂಬ ಆಧಾರ ಕಳೆದುಕೊಳ್ಳುತ್ತದೆ. ವಾಹನ ಠಾಣೆಯಲ್ಲಿ ನಿಲ್ಲುತ್ತದೆ, ಸರಕು ಹಾಳಾಗುತ್ತದೆ, ಗಿರಾಕಿ ಬೇರೆಯವರನ್ನು ಹುಡುಕಿಕೊಳ್ಳುತ್ತಾನೆ. ಡೀಸೆಲ್ ಉಳಿತಾಯದ ಯಾವ ಲೆಕ್ಕವೂ ಇದನ್ನು ಸರಿದೂಗಿಸಲಾರದು.

ಚಾಲಕನ ಕಡೆಗೆ ತಿರುಗಿದ ಕ್ಯಾಮೆರಾವು ಒಂದು ನಿಮಿಷದಲ್ಲಿ ಕಣ್ಣುಗಳು ಎಷ್ಟು ಹೊತ್ತು ಮುಚ್ಚಿದ್ದವು ಎಂಬುದನ್ನು ಅಳೆದು ತೂಕಡಿಕೆಯನ್ನು ಗುರುತಿಸುತ್ತದೆ. ರಸ್ತೆಯ ಕಡೆಗಿನ ಕ್ಯಾಮೆರಾವು ಮುಂದಿನ ವಾಹನದೊಂದಿಗಿನ ಅಂತರವನ್ನು ಅಳೆಯುತ್ತದೆ. ಲೆಕ್ಕಾಚಾರವು ವಾಹನದೊಳಗಿನ ಚಿಪ್ಪಿನಲ್ಲಿಯೇ ನಡೆಯುವುದರಿಂದ ಮೊಬೈಲ್ ಸಂಪರ್ಕವಿಲ್ಲದ ಕಡೆಯೂ ಎಚ್ಚರಿಕೆಯ ಶಬ್ದ ತಕ್ಷಣ ಕೇಳಿಸುತ್ತದೆ.

ಆದರೆ ವಿದೇಶದ ಅಚ್ಚುಕಟ್ಟಾದ ರಸ್ತೆಗಳಲ್ಲಿ ಕಲಿತ ಯಂತ್ರವು ಇಲ್ಲಿಯ ಆಟೊರಿಕ್ಷಾ, ದನಕರು, ಗುರುತಿಲ್ಲದ ರಸ್ತೆಯುಬ್ಬುಗಳನ್ನು ಕಂಡು ಗಲಿಬಿಲಿಗೊಳ್ಳುತ್ತದೆ. ಈ ಕೊರತೆ ನೀಗಲು ಹೈದರಾಬಾದಿನ ಐ.ಐ.ಐ.ಟಿ. ಸಂಸ್ಥೆಯು ಇಂಟೆಲ್ ಸಹಯೋಗದಲ್ಲಿ ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳಿಂದ ಸುಮಾರು 10,000 ಚಿತ್ರಗಳನ್ನು ಆಯ್ದು, ಅವುಗಳಲ್ಲಿ ಆಟೊರಿಕ್ಷಾ, ಪ್ರಾಣಿ ಸೇರಿದಂತೆ 34 ಬಗೆಗಳನ್ನು ಗುರುತಿಸಿದ ಸಂಗ್ರಹವೊಂದನ್ನು ಸಂಶೋಧಕರಿಗೆ ಒದಗಿಸಿತು. 2021ರಲ್ಲಿ ನಾಗಪುರದಲ್ಲಿ ಆರಂಭವಾದ ಐರಾಸ್ತೆ ಯೋಜನೆಯಲ್ಲಿ ನಗರ ಸಾರಿಗೆ ಬಸ್ಸುಗಳಿಗೆ ಇಂತಹ ಎಚ್ಚರಿಕೆಯ ಉಪಕರಣಗಳನ್ನು ಅಳವಡಿಸಲಾಯಿತು.

ಕ್ಯಾಮೆರಾವನ್ನು ಹೇಗೆ ಬಳಸಬಾರದು ಎಂಬುದಕ್ಕೂ ಪಾಠವಿದೆ. 2015ರಲ್ಲಿ ಸ್ಥಾಪನೆಯಾಗಿ ಸ್ಯಾನ್ ಡಿಯಾಗೊ ಮತ್ತು ಬೆಂಗಳೂರಿನಲ್ಲಿ ಕೇಂದ್ರಗಳನ್ನು ಹೊಂದಿರುವ ನೆಟ್ರಾಡೈನ್ ಸಂಸ್ಥೆಯ ಕ್ಯಾಮೆರಾಗಳನ್ನು 2021ರಲ್ಲಿ ಅಮೆರಿಕದಲ್ಲಿ ಅಮೆಜಾನ್ ತನ್ನ ವಿತರಣಾ ವಾಹನಗಳಲ್ಲಿ ಅಳವಡಿಸತೊಡಗಿತು. ಇದು ಸದಾ ಕಾವಲಿಟ್ಟಂತೆ ಎಂದು ಅನೇಕ ಚಾಲಕರು ಆಕ್ಷೇಪಿಸಿದರು. ಬೇರೆ ವಾಹನ ಅಡ್ಡ ನುಗ್ಗಿದಾಗಲೂ ತಪ್ಪು ತಮ್ಮ ಲೆಕ್ಕಕ್ಕೆ ಸೇರುತ್ತದೆಂಬ ದೂರುಗಳೂ ಕೇಳಿಬಂದವು. ಯಂತ್ರದ ತೀರ್ಪಿನ ಮೇಲೆ ನೇರವಾಗಿ ಸಂಬಳ ಕಡಿತ ಮಾಡಿದರೆ ಚಾಲಕನು ಕ್ಯಾಮೆರಾಕ್ಕೆ ಪಟ್ಟಿ ಅಂಟಿಸುತ್ತಾನೆ, ಇಲ್ಲವೆ ಕೆಲಸ ಬಿಡುತ್ತಾನೆ. ನುರಿತ ಚಾಲಕ ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ ಇದು ಮಾಲೀಕನಿಗೇ ನಷ್ಟ.

ತೂಕಡಿಕೆಯ ಎಚ್ಚರಿಕೆಗಳು ಹೆಚ್ಚಾದರೆ ಮೊದಲು ನೋಡಬೇಕಾದುದು ಚಾಲಕನ ಕೆಲಸದ ಪಟ್ಟಿಯನ್ನು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನೂ, ಐದು ಗಂಟೆಗಳ ದುಡಿಮೆಗೆ ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸಿತ್ತು. ಹಗಲೆಲ್ಲ ಸರಕು ತುಂಬಿಸಲು ಕಾಯಿಸಿ ರಾತ್ರಿಯೆಲ್ಲ ಓಡಿಸುವ ಮಾಲೀಕನಿಗೆ ಕ್ಯಾಮೆರಾ ಹೇಳುವುದು ಮಾಲೀಕನದೇ ತಪ್ಪನ್ನು. ಅದನ್ನು ಕೇಳಿಸಿಕೊಂಡು ವೇಳಾಪಟ್ಟಿಯನ್ನು ತಿದ್ದಿಕೊಳ್ಳುವವನಿಗೆ ಆ ಉಪಕರಣ ಸಾರ್ಥಕ. ಶಬ್ದ ಬಂದಾಗಲೆಲ್ಲ ಚಾಲಕನನ್ನು ಗದರಿಸುವವನಿಗೆ ಅದು ವ್ಯರ್ಥ ಖರ್ಚು.

ಖರೀದಿಗೆ ಮುನ್ನ

ಈ ಸೇವೆಯನ್ನು ಪಡೆಯಬಯಸುವ ಉದ್ದಿಮೆದಾರರು ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ.

1. ಮೊದಲ ಮೂರು ತಿಂಗಳು ಯಾವ ಉಪಕರಣವೂ ಇಲ್ಲದೆ ಪ್ರತಿ ವಾಹನದ ಓಟ, ಡೀಸೆಲ್, ಖಾಲಿ ವಾಪಸಾತಿ, ಕಾದು ನಿಂತ ಗಂಟೆಗಳು ಮತ್ತು ರಿಪೇರಿಯನ್ನು ಪುಸ್ತಕದಲ್ಲಿ ಬರೆಯಬೇಕು. ಹೋಲಿಸಲು ಹಳೆಯ ಅಂಕಿ ಇಲ್ಲದಿದ್ದರೆ ಉಳಿತಾಯವನ್ನು ಸಾಬೀತುಪಡಿಸಲು ಯಾರಿಂದಲೂ ಆಗದು.

2. ಹೆಚ್ಚು ಹಣ ಸೋರುವ ಒಂದು ಸಮಸ್ಯೆಯನ್ನು ಮಾತ್ರ ಆರಿಸಿಕೊಂಡು, ಒಂದೆರಡು ವಾಹನಗಳಲ್ಲಿ ಪ್ರಯೋಗಿಸಬೇಕು. ಉಪಕರಣವಿಲ್ಲದ ಒಂದು ವಾಹನವನ್ನು ಅದೇ ಮಾರ್ಗದಲ್ಲಿ ಓಡಿಸಿದರೆ ಹೋಲಿಕೆ ನ್ಯಾಯವಾಗಿರುತ್ತದೆ.

3. ಒಪ್ಪಂದದಲ್ಲಿ ಕನಿಷ್ಠ ಅವಧಿ, ಸಿಮ್ ಮತ್ತು ದುರಸ್ತಿಯ ಖರ್ಚು, ಸೇವೆ ಬಿಟ್ಟಾಗ ಹಳೆಯ ದಾಖಲೆಗಳನ್ನು ಕೊಡುವ ಷರತ್ತು ಸ್ಪಷ್ಟವಾಗಿರಬೇಕು. ಯಾವ ಗಿರಾಕಿಗೆ ಎಷ್ಟು ಸರಕು ಹೋಗುತ್ತದೆಂಬ ಮಾಹಿತಿ ವ್ಯಾಪಾರದ ಗುಟ್ಟು. ಅದನ್ನು ಇತರರಿಗೆ ನೀಡಕೂಡದೆಂದು ಬರೆಸಿಕೊಳ್ಳಬೇಕು.

4. ಏನನ್ನು ದಾಖಲಿಸಲಾಗುತ್ತದೆ, ಏಕೆ, ಯಾರು ನೋಡುತ್ತಾರೆ ಎಂಬುದನ್ನು ಚಾಲಕನಿಗೆ ಅವನ ಭಾಷೆಯಲ್ಲಿ ತಿಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹಿನ್ನೆಲೆಯಲ್ಲಿ ಇದು ವಿವೇಕದ ಕ್ರಮವೂ ಹೌದು.

5. ಉಳಿತಾಯದ ಇಂತಿಷ್ಟು ಪಾಲು ಚಾಲಕನ ಬತ್ತಾದೊಂದಿಗೆ ಸೇರುತ್ತದೆಂದು ಆರಂಭದಲ್ಲಿಯೇ ಘೋಷಿಸಿ, ತಿಂಗಳು ತಪ್ಪದೆ ಕೊಡಬೇಕು. ಯಂತ್ರದ ಎಚ್ಚರಿಕೆಗೆ ಚಾಲಕನ ಸಮಜಾಯಿಷಿಯನ್ನು ಕೇಳದೆ ಯಾವ ಕ್ರಮವನ್ನೂ ಕೈಗೊಳ್ಳಬಾರದು.

ಕೃತಕ ಬುದ್ಧಿಮತ್ತೆಯು ಸೋರಿಕೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತದೆ. ಅದನ್ನು ಮುಚ್ಚುವ ಕೆಲಸ ಮಾಲೀಕ ಮತ್ತು ಚಾಲಕರದು. ಲೆಕ್ಕದ ಪುಸ್ತಕವಿಲ್ಲದ ಕಡೆ ಅದು ತೋರಿಸಿದ್ದು ನಿಜವೇ ಎಂದು ತಿಳಿಯುವ ಬಗೆಯಿಲ್ಲ. ಚಾಲಕನ ವಿಶ್ವಾಸವಿಲ್ಲದ ಕಡೆ ತಿಳಿದದ್ದನ್ನು ತಿದ್ದುವವರಿಲ್ಲ. ಇವೆರಡನ್ನೂ ಮೊದಲು ಗಳಿಸಿಕೊಂಡ ಸಣ್ಣ ಉದ್ದಿಮೆದಾರನು ದೊಡ್ಡ ಸಂಸ್ಥೆಗಳ ಸರಿಸಮಾನವಾದ ಸಾಧನವನ್ನು ಇಂದು ತಿಂಗಳ ಬಾಡಿಗೆಗೆ ಪಡೆಯಬಹುದಾಗಿದೆ.